ಹೊಬೊಕನ್ನೋ, ಜರ್ನಲ್ ಸ್ಕ್ವೇರೋ? ಎರಡೂ ಕಡೆ ಬಾಡಿಗೆಗಿದ್ದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜರ್ನಲ್ ಸ್ಕ್ವೇರ್‌ಗೆ. ಅಮೆರಿಕದ ನ್ಯೂಜರ್ಸಿ ರಾಜ್ಯದ ಹೊಬೊಕನ್ ಊರಿನಲ್ಲಿ ಹದಿನಾಲ್ಕು ತಿಂಗಳು, ಆಮೇಲೆ ಪಕ್ಕದ ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್‌ನಲ್ಲಿ ಎರಡು ವರ್ಷ ಇದ್ದು ಹೇಳುತ್ತಿರುವ ಮಾತು.

ಹೊಬೊಕನ್‌ಗೆ ಹೋದದ್ದು ಅದರ ಚೆಂದಕ್ಕೆ ಮರುಳಾಗಿ. ಹಡ್ಸನ್ ನದಿಯ ದಡ, ಎದುರಿಗೇ ನ್ಯೂಯಾರ್ಕಿನ ಮ್ಯಾನ್‌ಹಟನ್. ನೆಲ ಒಂದೂಕಾಲು ಚದರ ಮೈಲಿಯಷ್ಟೇ. 2020ರ ಜನಗಣತಿಯಲ್ಲಿ ಅಷ್ಟರೊಳಗೆ 60,419 ಜನ. ವಾಷಿಂಗ್ಟನ್ ಸ್ಟ್ರೀಟಿನ ಇಟ್ಟಿಗೆ ಕಟ್ಟಡಗಳು, 1907ರ ರೈಲು ನಿಲ್ದಾಣ, ಇಲ್ಲೇ ಹುಟ್ಟಿದ ಗಾಯಕ ಫ್ರಾಂಕ್ ಸಿನಾಟ್ರಾನ ಹೆಸರಿನ ನದಿದಂಡೆ ರಸ್ತೆ. ಸಂಜೆ ಅಲ್ಲಿ ಒಮ್ಮೆ ನಡೆದವರು ಮುಂಗಡ ಕೊಟ್ಟೇ ಬರುತ್ತಾರೆ. ನಾನೂ ಕೊಟ್ಟೆ.

ನದಿ ಇರುವುದು ಪೂರ್ವಕ್ಕೆ. ನಾನು ಮನೆ ಹಿಡಿದದ್ದು ಪಶ್ಚಿಮದ ಮನ್ರೋ ಸ್ಟ್ರೀಟಿನಲ್ಲಿ, ರಸ್ತೆಗಿಂತ ಮೂರು ಮೆಟ್ಟಿಲು ಕೆಳಗೆ. ನದಿಯಿಂದ ಇಷ್ಟು ದೂರ, ನೀರಿನ ಭಯವಿಲ್ಲ ಅಂದುಕೊಂಡೆ. ಬಾಡಿಗೆ ಯಾಕೆ ಕಮ್ಮಿ ಅಂತ ಕೇಳಲಿಲ್ಲ.

ಈ ಊರಿನಲ್ಲಿ ಲೆಕ್ಕ ಉಲ್ಟಾ. ನದಿ ಕಡೆಯೇ ಎತ್ತರ. ಹಿಂದೆ ಇದೊಂದು ದ್ವೀಪ. ಪಶ್ಚಿಮದ ಜೌಗನ್ನು ತುಂಬಿ ಬೀದಿ ಮಾಡಿದ್ದು. ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆ. ಹಡ್ಸನ್ನಿಗೆ ಇಲ್ಲಿ ಸಮುದ್ರದ ಉಬ್ಬರವಿಳಿತ ಉಂಟು. ಉಬ್ಬರದ ಹೊತ್ತಿಗೇ ಜೋರು ಮಳೆ ಹೊಡೆದರೆ ನೀರು ನದಿಗಿಳಿಯಲಾರದೆ ಬಂದ ದಾರಿಯಲ್ಲೇ ಹಿಂದಕ್ಕೆ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನದಿ ಊರಿನ ಎರಡೂ ತುದಿಯಿಂದ ನುಗ್ಗಿ ನಿಂತದ್ದು ಈ ತಗ್ಗಿನಲ್ಲೇ.

ನನಗೆ ಚಂಡಮಾರುತವೂ ಬೇಕಾಗಲಿಲ್ಲ. ಜುಲೈನ ಒಂದು ಸಂಜೆ, ನಲವತ್ತು ನಿಮಿಷದ ಮಳೆ. ಬಚ್ಚಲಿನ ತೂಬು ಗೊಳಗೊಳ ಅಂದಿತು, ಆಮೇಲೆ ಉಕ್ಕಿತು. ವಾಸನೆ ಹೇಗಿತ್ತು ಅಂತ ಬರೆಯುವುದಿಲ್ಲ. ಹೆಂಡತಿ ಅಕ್ಕಿ ಮೂಟೆಯನ್ನು ಮಂಚದ ಮೇಲೆ ಕೂರಿಸಿದಳು. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿದ್ದ ಅವಳ ಧಾರೆ ಸೀರೆ ಇಬ್ಬರಿಗೂ ನೆನಪಾಗಲಿಲ್ಲ. ವಿಮೆಯವರು ಕೊಳವೆಯಿಂದ ಹಿಮ್ಮುಖವಾಗಿ ಬಂದ ನೀರು ಪಾಲಿಸಿಯಲ್ಲಿಲ್ಲ ಅಂದರು. ಮನೆ ಮಾಲೀಕರು ಅಪರೂಪಕ್ಕೆ ಹೀಗಾಗುತ್ತೆ ಅಂದರು. ಆಗಸ್ಟಿನಲ್ಲಿ ಮತ್ತೆ ಆಯಿತು. ಬೆಂಗಳೂರಿನಲ್ಲಿ ಕೆರೆ ಅಂಗಳದಲ್ಲಿ ಸೈಟು ಕೊಂಡವರಿಗೆ ಬುದ್ಧಿ ಹೇಳುತ್ತಿದ್ದವನು ನಾನೇ.

ನಗರಸಭೆ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2023ರಲ್ಲಿ ತೆರೆದ ರೆಸಿಲಿಯನ್‌ಸಿಟಿ ಪಾರ್ಕ್ 20 ಲಕ್ಷ ಗ್ಯಾಲನ್ ಮಳೆನೀರು ಹಿಡಿದಿಡುತ್ತದೆ. ಆದರೆ ಅದಿರುವುದು ಊರಿನ ಉತ್ತರದಲ್ಲಿ, ನಾನಿದ್ದದ್ದು ದಕ್ಷಿಣದಲ್ಲಿ.

ಜರ್ನಲ್ ಸ್ಕ್ವೇರ್ ನೋಡಲು ಏನೇನೂ ಅಲ್ಲ. ಬಸ್ಸು, ಧೂಳು, ತಲೆ ಎತ್ತಿದರೆ ಕ್ರೇನು. ಆದರೆ ಗುಡ್ಡದ ಏಣಿನ ಮೇಲಿದೆ, ಬಿದ್ದ ನೀರು ಇಳಿದು ಹೋಗುತ್ತದೆ. ಮೂರನೇ ಮಹಡಿ, ಲಿಫ್ಟಿಲ್ಲ, ತಿಂಗಳಿಗೆ 500 ಡಾಲರ್ ಉಳಿತಾಯ. ನ್ಯೂವಾರ್ಕ್ ಅವೆನ್ಯೂನ ಇಂಡಿಯಾ ಸ್ಕ್ವೇರ್ ನಡೆದು ಹೋಗುವಷ್ಟು ಹತ್ತಿರ. ತೊಗರಿಬೇಳೆ, ಸೋನಾ ಮಸೂರಿ ಕೈಯಲ್ಲೇ ತರುತ್ತೇವೆ. ಹೊಬೊಕನ್‌ನಲ್ಲಿದ್ದಾಗ ಕರಿಬೇವಿಗೂ ರೈಲು ಹತ್ತಿ ಇಲ್ಲಿಗೇ ಬರುತ್ತಿದ್ದೆವು.

ಪಾರ್ಕಿಂಗ್: ಎರಡೂ ಕಡೆ ನರಕ, ಕಾರು ಮಾರಿದೆ.

ರಾತ್ರಿ ಗದ್ದಲ: ಹೊಬೊಕನ್‌ನಲ್ಲಿ ವಾರಾಂತ್ಯ ಬಾರುಗಳದ್ದು, ಇಲ್ಲಿ ವಾರವಿಡೀ ಹಾರ್ನಿನದು.

ನದಿಯಾಚೆ ಆಫೀಸಿಗೆ ಹೋಗಲು ಎರಡೂ ಕಡೆಯಿಂದ ಪಾಥ್ ರೈಲಿದೆ, ಹಗಲೂ ರಾತ್ರಿ. ಕೈಯಲ್ಲಿ ದುಡ್ಡಿದ್ದು, ವಿಲ್ಲೋ ಅವೆನ್ಯೂಗಿಂತ ನದಿಯ ಕಡೆ ಮೇಲಿನ ಮಹಡಿ ಸಿಕ್ಕರೆ ಹೊಬೊಕನ್‌ಗೇ ಹೋಗಿ. ನನ್ನ ಸಂಬಳಕ್ಕೆ, ಮನೆಯಲ್ಲೇ ಸಾರು ಮಾಡಿ ಉಣ್ಣುವ ಅಭ್ಯಾಸಕ್ಕೆ ಗುಡ್ಡವೇ ಸರಿ.

ಒಂದೇ ತಮಾಷೆ. ನಾವು ಇಲ್ಲಿಗೆ ಬಂದಾಗ ಶನಿವಾರ, ಭಾನುವಾರ ಇಲ್ಲಿಂದ ಮ್ಯಾನ್‌ಹಟನ್‌ನ 33ನೇ ಸ್ಟ್ರೀಟಿಗೆ ಹೋಗುವ ಪಾಥ್ ರೈಲು ಮೊದಲು ಹೊಬೊಕನ್‌ಗೆ ಹೋಗಿ, ಅಲ್ಲಿಂದ ಹಿಂದುಮುಂದಾಗಿ ಮ್ಯಾನ್‌ಹಟನ್‌ಗೆ ಹೊರಡುತ್ತಿತ್ತು. ಬಾಗಿಲು ತೆರೆದುಕೊಂಡು ನಿಲ್ಲುತ್ತಿತ್ತು. "ಇಳಿಯೋಣ್ವಾ, ನದಿ ಹತ್ರ ಒಂದು ಸುತ್ತು?" ಅನ್ನುತ್ತಿದ್ದಳು ಹೆಂಡತಿ. ಮೋಡ ಇಲ್ಲದ ದಿನ ಇಳಿಯುತ್ತಿದ್ದೆವು.