ತಲಪಾಡಿಯ ಈಚೆಯ ಗಿರಾಕಿಗೆ ಪಾಂಡೇಶ್ವರದ ಮಾಲ್

ಮಂಗಳೂರಿನ ಪಾಂಡೇಶ್ವರದಲ್ಲಿ ಇಂದು ‘ಫಿಜಾ ಬೈ ನೆಕ್ಸಸ್’ ಎಂಬ ಫಲಕ ಹೊತ್ತಿರುವ ಮಾಲ್ 2014ರಲ್ಲಿ ಬಾಗಿಲು ತೆರೆದಾಗ ಅದರ ಹೆಸರು ಫೋರಂ ಫಿಜಾ ಎಂದಿತ್ತು. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ಇಂದಿಗೂ ಬಾಯಲ್ಲಿ ಬರುವುದು ಫೋರಂ ಎಂದೇ. ಅಂದಿನಿಂದ ಅಲ್ಲಿಗೆ ಹೋಗಿಬರುತ್ತಿರುವ, ಆದರೆ ತಲಪಾಡಿಯಲ್ಲಿ ಹಾದುಹೋಗುವ ರಾಜ್ಯದ ಗಡಿಯ ಈಚೆ, ಕೇರಳದಲ್ಲಿ ಮನೆಯಿರುವ ಒಬ್ಬ ಗಿರಾಕಿಯ ವಿಮರ್ಶೆ ಇದು. ಮಂಗಳೂರಿನೊಳಗೇ ಇರುವವರಿಗೆ ಇದರ ಅರ್ಧ ಸಂಗತಿಗಳು ಲೆಕ್ಕಕ್ಕೇ ಬರಲಾರವು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಗಡಿಭಾಗದ ನಮಗೆ ಪೇಟೆ ಎಂದರೆ ಮಂಗಳೂರೇ ಆಗಿತ್ತು. ಬಿಜೈಯ ಭಾರತ್ ಮಾಲ್, 2010ರಲ್ಲಿ ಕೆ.ಎಸ್. ರಾವ್ ರಸ್ತೆಯಲ್ಲಿ ಆರಂಭವಾದ ಸಿಟಿ ಸೆಂಟರ್ ಇವೆಲ್ಲ ಫೋರಂಗಿಂತ ಮೊದಲೇ ಇದ್ದವು. ಆದರೂ ನಮ್ಮ ಕಡೆಯವರು ಪಾಂಡೇಶ್ವರಕ್ಕೆ ಬೇಗ ಒಗ್ಗಿಕೊಂಡದ್ದಕ್ಕೆ ಮುಖ್ಯ ಕಾರಣ ಒಳಗಿನ ಥಳಕಲ್ಲ, ಅದು ಇರುವ ಜಾಗ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣವೂ ಸೆಂಟ್ರಲ್ ರೈಲು ನಿಲ್ದಾಣವೂ ಅಲ್ಲಿಗೆ ಹತ್ತಿರವಾದುದರಿಂದ, ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಲೋಕಲ್ ರೈಲು ಹತ್ತಿದವರು ಇಳಿದು ನಡೆದೇ ಹೋಗಬಹುದು. ನಮ್ಮ ಕಡೆಯಿಂದ ಹೋಗುವ ಹೆದ್ದಾರಿಯಲ್ಲಿರುವ ಪಂಪ್‌ವೆಲ್ ಮೇಲ್ಸೇತುವೆಯ ಕೆಲಸ 2020ರ ಜನವರಿಯಲ್ಲಿ ಮುಗಿಯುವವರೆಗೆ ವರ್ಷಗಟ್ಟಲೆ ವಾಹನಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದಾಗ ಕಾರಿದ್ದವರೂ ರೈಲನ್ನೇ ನೆಚ್ಚಿಕೊಂಡದ್ದುಂಟು.

ಆರಂಭದ ವರ್ಷಗಳಲ್ಲಿ ಎಸ್ಕಲೇಟರ್ ಬಳಿ ಪ್ರತಿ ಭಾನುವಾರವೂ ಒಂದು ನೋಟ ಕಾಣಸಿಗುತ್ತಿತ್ತು. ವಯಸ್ಸಾದ ಹೆಂಗಸರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಮೊಮ್ಮಗನ ಭುಜವನ್ನು ಒತ್ತಿ ಹಿಡಿದು, ಮೆಟ್ಟಿಲು ಮೂಡುವ ಗೆರೆಯನ್ನೇ ನೋಡುತ್ತ ನಿಂತಿರುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿತ್ತು, ಕಾವಲುಗಾರ ತುಳುವಿನಲ್ಲಿ ಧೈರ್ಯ ಹೇಳುತ್ತಿದ್ದ. ಈಗ ಅದೇ ವಯಸ್ಸಿನವರು ಮೊಬೈಲ್ ನೋಡುತ್ತಲೇ ಮೇಲೇರುತ್ತಾರೆ.

ಗಡಿಯ ಈಚೆಯ ಕನ್ನಡ, ತುಳು ಮಾತೃಭಾಷೆಯ ಪ್ರೇಕ್ಷಕರಿಗೆ ಈ ಮಾಲಿನ ಅತ್ಯಂತ ದೊಡ್ಡ ಉಪಕಾರ ಎಂದರೆ ಅದರ ಚಿತ್ರಮಂದಿರಗಳು. ಕಾಸರಗೋಡಿನ ಟಾಕೀಸುಗಳಲ್ಲಿ ಮಲಯಾಳಕ್ಕೆ ಮೊದಲ ಮಣೆ ಸಿಗುವುದು ಸಹಜವೇ; ಕನ್ನಡದ ಸಣ್ಣ ಚಿತ್ರವೊಂದು ಅಲ್ಲಿ ಬರುವುದನ್ನು ಕಾಯುತ್ತ ಕುಳಿತರೆ ಆಗದು. ಈ ಮಾಲಿನ ಪಿವಿಆರ್ ಮಲ್ಟಿಪ್ಲೆಕ್ಸ್ ತೆರೆದ ವರ್ಷವೇ ಬಿಡುಗಡೆಯಾದ ‘ಚಾಲಿಪೋಲಿಲು’ ಎಂಬ ತುಳು ಚಿತ್ರ 500 ದಿನಗಳನ್ನು ದಾಟಿ ಓಡಿತು. ಮಲ್ಟಿಪ್ಲೆಕ್ಸ್ ಎಂದರೆ ಹಿಂದಿ, ಇಂಗ್ಲಿಷಿಗೆ ಮೀಸಲು ಎಂಬ ಎಣಿಕೆಯನ್ನು ಆ ಓಟ ಅಳಿಸಿತು, ಮತ್ತು ನಾಟಕದ ಡೇರೆಗೆ ಹೋಗುತ್ತಿದ್ದ ಕುಟುಂಬಗಳು ಮಕ್ಕಳು ಮರಿಗಳೊಡನೆ ಹವಾನಿಯಂತ್ರಿತ ಸಭಾಂಗಣಕ್ಕೆ ಬಂದವು. ತಿಂಡಿಯ ಬೆಲೆ ಮಾತ್ರ, ಎಲ್ಲ ಮಲ್ಟಿಪ್ಲೆಕ್ಸ್‌ಗಳಲ್ಲಿ ಇರುವಂತೆಯೇ, ಟಿಕೆಟಿನ ಬೆಲೆಯನ್ನು ನಾಚಿಸುತ್ತದೆ.

ಇನ್ನು ಖರೀದಿಯ ವಿಷಯ. ದಿನಸಿಗೆ ಆರಂಭದ ವರ್ಷಗಳಲ್ಲಿ ಸ್ಪಾರ್ ಹೈಪರ್‌ಮಾರ್ಕೆಟ್ ಇತ್ತು. ಬ್ರಾಂಡೆಡ್ ಬಟ್ಟೆ, ಪಾದರಕ್ಷೆಗೆ ಸಾಕಷ್ಟು ಮಳಿಗೆಗಳಿವೆ. ಆದರೆ ಮದುವೆಯ ಜವಳಿಗೆ ನಮ್ಮ ಕಡೆಯವರು ಈಗಲೂ ರಥಬೀದಿಯ ಹಳೆಯ ಅಂಗಡಿಗಳಿಗೇ ಹೋಗುತ್ತಾರೆ, ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ದೊಡ್ಡ ಸಾಮಾನಿನ ಕಥೆ ಬೇರೆ. ನಗರದ ಮಳಿಗೆಯೊಂದರಲ್ಲಿ (ಹೆಸರು ಬೇಡ) ಫ್ರಿಜ್ ಆರಿಸಿ, ದರ ಒಪ್ಪಿ, ವಿಳಾಸ ಬರೆಸುವ ಹೊತ್ತಿಗೆ ‘ಮಂಜೇಶ್ವರವಾ? ಕೇರಳಕ್ಕೆ ಡೆಲಿವರಿ ಇಲ್ಲ ಸರ್’ ಎಂಬ ಉತ್ತರ ಬಂತು. ಮಂಜೇಶ್ವರಕ್ಕಿಂತ ದೂರದ ಮೂಡುಬಿದಿರೆಗೆ ಅದೇ ಮಳಿಗೆಯ ಟೆಂಪೋ ಹೋಗುತ್ತದೆ. ರಾಜ್ಯಕ್ಕೊಂದು ತೆರಿಗೆಯಿದ್ದ ಕಾಲದಲ್ಲಿ, ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ಕಾಗದಪತ್ರ ತೋರಿಸಬೇಕಿದ್ದಾಗ, ಈ ಹಿಂಜರಿಕೆಗೆ ಅರ್ಥವಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಅಂಥ ಚೆಕ್‌ಪೋಸ್ಟುಗಳು ಮುಚ್ಚಿದ ಮೇಲೂ ಅದೇ ಉತ್ತರ ಉಳಿದಿರುವುದು ಬರಿಯ ರೂಢಿ. ಕೊನೆಗೆ ಅದೇ ಮಾದರಿಯ ಫ್ರಿಜ್ ಉಪ್ಪಳದಲ್ಲೇ ಸಿಕ್ಕಿತು.

2020 ಈ ಸಂಬಂಧವನ್ನು ತುಂಡರಿಸಿತು. ಮಾರ್ಚ್ ನಡುವಿನಲ್ಲಿ ಕರ್ನಾಟಕದ ಮಾಲ್‌ಗಳು ಮುಚ್ಚಿದವು; ತಿಂಗಳು ಮುಗಿಯುವುದರೊಳಗೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು, ರೋಗಿಗಳಿಗೆ ದಾರಿ ಬಿಡಬೇಕೆಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಜೂನ್ 8ರ ನಂತರ ಮಾಲ್‌ಗಳಿಗೆ ಅನುಮತಿ ಸಿಕ್ಕರೂ ನಮಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ ಆಗಿತ್ತು. 2021ರ ಆಗಸ್ಟಿನಲ್ಲಿ ಕೇರಳದಿಂದ ಗಡಿ ದಾಟಲು ಲಸಿಕೆ ಪಡೆದವರಿಗೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾದಾಗ, ಒಂದು ಅಂಗಿಗಾಗಿ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವವರು ಯಾರು? ಮೊದಲ ಲಾಕ್‌ಡೌನಿಗೆ ತುಸು ಮುಂಚೆ ಕೊಂಡಿದ್ದ ಮಗುವಿನ ಬಟ್ಟೆಯೊಂದು ಬಿಗಿಯಾಗಿತ್ತು. ಗಡಿ ತೆರೆದ ಮೇಲೆ ಒಯ್ದರೆ ಬದಲಾವಣೆಯ ಅವಧಿ ಮುಗಿದಿದೆ ಎಂದು ಆ ಅಂಗಡಿಯವರು ಬಿಲ್ಲಿನ ಹಿಂಬದಿಯ ಸಣ್ಣಕ್ಷರವನ್ನು ತೋರಿಸಿದರು. ಆ ಅವಧಿಯಲ್ಲಿ ಅಂಗಡಿಯೂ ಮುಚ್ಚಿತ್ತೆಂಬ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ.

ಅದೇ ಸುಮಾರಿಗೆ ಮಾಲಿನ ಯಜಮಾನಿಕೆಯೂ ಬದಲಾಯಿತು. ಪ್ರೆಸ್ಟೀಜ್ ಸಮೂಹ ತನ್ನ ಮಾಲ್‌ಗಳಲ್ಲಿದ್ದ ಪಾಲನ್ನು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್‌ಗೆ ಮಾರಿತು, ಆ ಸಂಸ್ಥೆಯ ನೆಕ್ಸಸ್ ಹೆಸರು ಫಲಕಕ್ಕೆ ಬಂತು, 2023ರ ಮೇ ತಿಂಗಳಲ್ಲಿ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಷೇರುಪೇಟೆಗೆ ಇಳಿದಾಗ ದೇಶದ ಇತರ ಮಾಲ್‌ಗಳ ಜೊತೆ ಪಾಂಡೇಶ್ವರವೂ ಅದರ ಆಸ್ತಿಗಳ ಪಟ್ಟಿಯಲ್ಲಿತ್ತು. ನಡೆದಾಡುವ ಗಿರಾಕಿಗೆ ಇದರಿಂದ ಆದ ವ್ಯತ್ಯಾಸ ಅತ್ಯಲ್ಪ. ಅಂಗಡಿಗಳು ಬರುವುದು ಹೋಗುವುದು ಮೊದಲೂ ಇತ್ತು, ಈಗಲೂ ಇದೆ.

ಗಡಿಯ ಈಚೆಯಿಂದ ಹೊಸದಾಗಿ ಹೋಗುವವರು ವಾರದ ನಡುವಿನ ದಿನ ಆರಿಸಿಕೊಂಡು, ಬೆಳಗ್ಗಿನ ರೈಲಿನಲ್ಲಿ ಹೋಗಿ ಮಧ್ಯಾಹ್ನದ ಆಟ ನೋಡಿ ಬರುವುದು ಸುಖ. ಜೂನ್, ಜುಲೈಯ ಮಳೆಯಲ್ಲಿ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ನೆನೆಯದೆ ಅರ್ಧ ದಿನ ಕಳೆಯಲು ಸುತ್ತಮುತ್ತ ಇಂಥ ಜಾಗಗಳು ಕಡಿಮೆ. ರಾತ್ರಿಯ ಕೊನೆಯ ಆಟಕ್ಕೆ ಹೋಗುವುದಿದ್ದರೆ ಸ್ವಂತ ವಾಹನ ಬೇಕು. ಏನನ್ನೇ ಕೊಂಡರೂ ಹಣ ಕೊಡುವ ಮೊದಲು ಬದಲಾವಣೆಯ ಅವಧಿಯನ್ನೂ, ತಲಪಾಡಿ ದಾಟಿ ಡೆಲಿವರಿ ಉಂಟೇ ಎಂಬುದನ್ನೂ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.