ಆಂಟಿಗುವಾ ಅಥವಾ ಗ್ರನಾಡಾ: ಪುಟ್ಟ ಮಕ್ಕಳೊಡನೆ ಹೋಗಲು ಯಾವುದು?

ಮಕ್ಕಳ ವಯಸ್ಸನ್ನೇ ಮೊದಲು ನೋಡಿ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಂಟಿಗುವಾ ಪಟ್ಟಣ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಹಗಲು ಹಿತವಾಗಿರುತ್ತದೆ. ಸೆಕೆಗೆ ಬೇಗ ಬಳಲುವ ಕೂಸುಗಳಿಗೆ ಇದು ದೊಡ್ಡ ಅನುಕೂಲ. ಅದೇ ಮಧ್ಯ ಅಮೆರಿಕದ ನಿಕರಾಗುವಾ ದೇಶದ ಗ್ರನಾಡಾ ಪಟ್ಟಣ ಸರೋವರದ ದಡದ ತಗ್ಗಿನಲ್ಲಿದ್ದು, ನಡುಹಗಲಿನ ಧಗೆಯಲ್ಲಿ ಮಕ್ಕಳನ್ನು ಒಳಗೇ ಇರಿಸಿಕೊಳ್ಳಬೇಕಾಗುತ್ತದೆ.

ಓಡಾಟದಲ್ಲಿ ಆಂಟಿಗುವಾ ಹಿಂದೆ ಬೀಳುತ್ತದೆ: ಅದರ ಏರುಪೇರಾದ ಕಲ್ಲುಹಾಸಿನ ಬೀದಿಗಳಲ್ಲಿ ಮಗುವಿನ ತಳ್ಳುಗಾಡಿ ಸಲೀಸಾಗಿ ಸಾಗದು, ಕೂಸನ್ನು ಎದೆಗೆ ಕಟ್ಟಿಕೊಳ್ಳುವುದೇ ವಾಸಿ. ಆದರೆ 1773ರ ಭೂಕಂಪದಲ್ಲಿ ಕುಸಿದ ಚರ್ಚುಗಳ ಅವಶೇಷಗಳು ಮತ್ತು ಊರಿನಾಚೆ ಎದ್ದುನಿಂತ ಆಗ್ವಾ ಜ್ವಾಲಾಮುಖಿ, ಪ್ರಶ್ನೆ ಕೇಳುವ ವಯಸ್ಸಿನವರನ್ನು ಖಂಡಿತ ಸೆಳೆಯುತ್ತವೆ. ಹಳೆಯ ಗೋಡೆಗಳಿಂದ ಬೇಗ ಬೇಸರಗೊಳ್ಳುವ ಮಕ್ಕಳಿದ್ದರೆ ಗ್ರನಾಡಾದ ಪುಟ್ಟ ದ್ವೀಪಗಳ ನಡುವಿನ ದೋಣಿಪಯಣವೇ ಮೇಲು. ಜೀವರಕ್ಷಕ ಜಾಕೆಟ್ಟು ಮಗುವಿನ ಅಳತೆಗೆ ಸಿಗುತ್ತದೆಯೇ ಎಂದು ಹತ್ತುವ ಮುನ್ನವೇ ವಿಚಾರಿಸಿಕೊಳ್ಳಿ.