ರಿಯಾನನ್ ಗಿಡನ್ಸ್ ಅವರ ‘ಫ್ರೀಡಂ ಹೈವೇ’: ಒಂದೇ ಗಂಟಲಲ್ಲಿ ಒಡತಿಯೂ ಆಳೂ

ಇದು ಅಮೆರಿಕದ ಹಾಡುಗಾರ್ತಿ, ಬ್ಯಾಂಜೋ ವಾದಕಿ ಗಿಡನ್ಸ್ ಅವರ ಆಲ್ಬಂ. ದಾವಣಗೆರೆಯಲ್ಲಿ ಇದರ ಸಿಡಿ ಹುಡುಕೋಕೆ ಹೋಗಬೇಡಿ, ಮೊಬೈಲಲ್ಲೇ ಸಿಗುತ್ತೆ. ಆದರೆ ಮೊಬೈಲ್ ಸ್ಪೀಕರಲ್ಲಿ ಮಾತ್ರ ಕೇಳಬೇಡಿ. ಬ್ಯಾಂಜೋದ (ಚರ್ಮ ಬಿಗಿದ, ಗಿಟಾರ್ ಥರದ ತಂತಿವಾದ್ಯ) ಕೆಳಸ್ವರ ಪೂರ್ತಿ ಸತ್ತುಹೋಗುತ್ತೆ, ಈ ಆಲ್ಬಂನ ಜೀವ ಇರೋದೇ ಅಲ್ಲಿ. ಬ್ಯಾಂಜೋ ಅಂದ್ರೆ ಬಿಳಿಯರ ಹಳ್ಳಿ ವಾದ್ಯ ಅಂದುಕೊಂಡವರೇ ಜಾಸ್ತಿ, ಅಲ್ವಾ? ಅದನ್ನು ಅಮೆರಿಕಕ್ಕೆ ತಂದದ್ದು ಆಫ್ರಿಕಾದಿಂದ ಬಂದ ಗುಲಾಮರು.

ಗಿಡನ್ಸ್ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದವರು. ಅಪ್ಪ ಬಿಳಿಯ, ಅಮ್ಮ ಕಪ್ಪು ಜನಾಂಗದವರು. ನಮ್ಮಲ್ಲಿ ಜಾತಿ ಮೀರಿ ಮದುವೆಯಾದರೆ ಅಡ್ಡ ಬರೋದು ಊರು, ಮನೆತನ. ಅಲ್ಲಿ ಇವರ ರಾಜ್ಯವೂ ಸೇರಿ 16 ರಾಜ್ಯಗಳಲ್ಲಿ ಕಪ್ಪು-ಬಿಳಿಯರ ಮದುವೆಗೆ ಕಾನೂನೇ ಅಡ್ಡ ಇತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇವರು ಹುಟ್ಟಿದ್ದು 1977ರಲ್ಲಿ.

2017ರ ಈ ಆಲ್ಬಂನಲ್ಲಿ 12 ಹಾಡುಗಳಿವೆ. ನನಗೆ ಬಿಡದೆ ಕಾಡಿದ್ದು ‘ಜೂಲಿ’. ಗುಲಾಮಗಿರಿಯ ವಿಷಯಕ್ಕೆ ನಡೆದ ಅಮೆರಿಕದ ಅಂತರ್ಯುದ್ಧದ ಸೈನ್ಯ ಮನೆ ಹತ್ತಿರ ಬರ್ತಿದೆ, ಸೈನಿಕರು ದೋಚದಿರಲಿ ಅಂತ ಒಡತಿ ತನ್ನ ಗುಲಾಮ ಆಳು ಜೂಲಿಗೆ ಬಂಗಾರದ ಪೆಟ್ಟಿಗೆ ನಿನ್ನದೇ ಅಂತ ಹೇಳು ಅಂತಾಳೆ. ಆ ಬಂಗಾರ ಬಂದದ್ದು ನನ್ನ ಮಕ್ಕಳನ್ನು ಮಾರಿ, ಅಂತಾಳೆ ಜೂಲಿ. ನಮ್ಮ ಲಾವಣಿಯ ಹರದೇಶಿ-ನಾಗೇಶಿ ಸವಾಲ್ ಜವಾಬ್ ಥರ ಸಾಗುವ ಮಾತು, ಆದರೆ ಇಲ್ಲಿ ಎರಡೂ ಕಡೆ ಒಬ್ಬರೇ. ಬಿಳಿ ಒಡತಿಯನ್ನು ವಿಲನ್ ಥರ ಅಣಕಿಸಿ ಹಾಡಿಲ್ಲ, ಅವಳ ಭಯವನ್ನೂ ನಿಜವಾಗಿಯೇ ಹಾಡಿದ್ದಾರೆ. ಎರಡೂ ಕಡೆಯ ರಕ್ತ ಇರೋರು ಹಾಡಿದಾಗ ಅದರ ತೂಕವೇ ಬೇರೆ. (ಅದೇ ಯುದ್ಧದಲ್ಲಿ ಅಮೆರಿಕದ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ನಮ್ಮ ದೇಶದ ಹತ್ತಿಗೆ ಮುಗಿಬಿದ್ದವು. ಕಾಟನ್ ಮಿಲ್ಲಿನ ಊರವರು ನಾವು, ಇದು ಗೊತ್ತಿರಬೇಕು.)

ಮೊದಲ ಹಾಡು ಹುಟ್ಟಿದ್ದು ಒಂದು ಹಳೇ ಜಾಹೀರಾತಿನಿಂದ. ಗುಲಾಮ ಹೆಣ್ಣು ಮಾರಾಟಕ್ಕಿದ್ದಾಳೆ, ಒಂಬತ್ತು ತಿಂಗಳ ಕೂಸು ಬೇಕೋ ಬೇಡವೋ ಕೊಳ್ಳುವವರ ಇಷ್ಟ. ರಾಗ ಮಾತ್ರ ಕುಣಿಸುವಂತಿದೆ! 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಊರಲ್ಲಿ ಕಪ್ಪು ಜನರ ಚರ್ಚಿಗೆ ಬಿಳಿ ಜನಾಂಗವಾದಿಗಳು ಇಟ್ಟ ಬಾಂಬಿಗೆ ಸತ್ತ ನಾಲ್ವರು ಹುಡುಗಿಯರ ಹಾಡನ್ನು ಮೆಲ್ಲಗೆ ಹಾಡ್ತಾರೆ. ಕಿರುಚಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಪೊಲೀಸರ ಗುಂಡಿಗೆ ಸತ್ತ ಹುಡುಗನ ಹಾಡಲ್ಲಿ ನಡುವೆ ರ‍್ಯಾಪ್ ಬರುತ್ತೆ, ಕೆಲವರಿಗೆ ಕಿರಿಕಿರಿ ಆಗಬಹುದು, ನನಗೆ ಸರಿ ಅನಿಸಿತು. ಮಧ್ಯದ ಪ್ರೇಮಗೀತೆ ಮಾತ್ರ ಸುಮ್ನೆ ಜಾಗ ತುಂಬಿದಂತಿದೆ, ಅದನ್ನು ದಾಟಿಸಿಬಿಡಿ. ಇಂಗ್ಲಿಷ್ ಉಚ್ಚಾರಣೆ ಕಿವಿಗೆ ಸಿಗದಿದ್ದರೆ ಸಾಹಿತ್ಯ ಎದುರಿಗಿಟ್ಟುಕೊಂಡು ‘ಜೂಲಿ’ಯಿಂದ ಶುರು ಮಾಡಿ.